ಹಾಗಾಗದಿದ್ದರೆ ಏನಾಗುತ್ತಿತ್ತು? ಕ್ರೀಡೆಯ ಪರ್ಯಾಯ ಇತಿಹಾಸ ಕಟ್ಟುವ ಕ್ರಮ

1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕುಳಿತಿದ್ದಾಗ ಕಪಿಲ್ ದೇವ್ ಔಟಾಗದೆ 175 ರನ್ ಹೊಡೆಯದೇ ಹೋಗಿದ್ದರೆ ನಮಗೆ ವಿಶ್ವಕಪ್ ದಕ್ಕುತ್ತಲೇ ಇರಲಿಲ್ಲ ಎಂಬ ಮಾತು ತುಮಕೂರಿನ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿಯೂ ಕೇಳುತ್ತದೆ, ಕೋಲಾರದ ಕಾಲೇಜು ಕಾರಿಡಾರಿನಲ್ಲಿಯೂ ಕೇಳುತ್ತದೆ. ಹಾಗೆ ಹೇಳುವವರು ತಮಗರಿವಿಲ್ಲದೆಯೇ ಒಂದು ಪರ್ಯಾಯ ಇತಿಹಾಸವನ್ನು ಕಟ್ಟಿರುತ್ತಾರೆ, ಆದರೆ ಲೆಕ್ಕ ಹಾಕಿರುವುದಿಲ್ಲ. ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂದು ಹಿರಿಯರು ಇಂಥ ಮಾತುಗಳನ್ನು ನಕ್ಕು ತಳ್ಳಿಹಾಕುವುದೂ ಈ ಕಾರಣಕ್ಕೇ ಇರಬೇಕು. ಲೆಕ್ಕವಿಟ್ಟು ಕಟ್ಟಿದ ಊಹೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಆಟವೊಂದರಲ್ಲಿ ಯಾವುದು ನಿಜವಾಗಿ ನಿರ್ಣಾಯಕವಾಗಿತ್ತು, ಯಾವುದು ಕೇವಲ ನೆನಪಿನಲ್ಲಿ ದೊಡ್ಡದಾಗಿ ಬೆಳೆದಿದೆ ಎಂಬುದನ್ನು ಅದು ತೋರಿಸಿಕೊಡುತ್ತದೆ.

ಶಾಲೆ ಕಾಲೇಜುಗಳ ಗೋಡೆ ಪತ್ರಿಕೆಗೆ ಬರೆಯುವ ವಿದ್ಯಾರ್ಥಿಗಳು, ಬಿಡುವಿನಲ್ಲಿ ಕ್ರೀಡಾ ಲೇಖನಗಳನ್ನು ಬರೆಯುವವರು ಮತ್ತು ಇಂಥ ವಾದಗಳಲ್ಲಿ ಗೆಲ್ಲಬೇಕೆಂದು ಹಟ ಹಿಡಿದವರು ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ. ಇದಕ್ಕೆ ಬೇಕಾಗುವ ಸಾಮಗ್ರಿ ಹೆಚ್ಚಿನದಲ್ಲ: ಪಂದ್ಯದ ಸ್ಕೋರ್‌ಕಾರ್ಡ್, ಟೂರ್ನಿಯ ಅಂಕಪಟ್ಟಿ, ಆ ವರ್ಷದ ಕ್ಯಾಲೆಂಡರ್, ಆ ಕಾಲದಲ್ಲಿ ಜಾರಿಯಲ್ಲಿದ್ದ ನಿಯಮ ಮತ್ತು ಒಂದು ನೋಟ್ ಪುಸ್ತಕ.

ಮೊದಲ ಹೆಜ್ಜೆ: ನಡೆದದ್ದನ್ನು ಪೂರ್ತಿಯಾಗಿ ಬರೆದುಕೊಳ್ಳಿ

ಊಹೆಗೆ ಕೈಹಾಕುವ ಮುನ್ನ ನಿಜವಾಗಿ ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನೀವು ಬದಲಾಯಿಸಬೇಕೆಂದಿರುವ ಪಂದ್ಯದ ವಿವರವಷ್ಟೇ ಸಾಲದು. ಅದೇ ಗುಂಪಿನ ಉಳಿದ ಪಂದ್ಯಗಳ ಫಲಿತಾಂಶ, ಅವುಗಳ ದಿನಾಂಕ ಮತ್ತು ಅಂಕ ಹಂಚಿಕೆಯ ಕ್ರಮವೂ ಬೇಕು. 1983ರ ಉದಾಹರಣೆಯನ್ನೇ ಹಿಡಿದು ನೋಡೋಣ.

ಆ ವರ್ಷ ಬಿ ಗುಂಪಿನಲ್ಲಿ ವೆಸ್ಟ್ ಇಂಡೀಸ್, ಭಾರತ, ಆಸ್ಟ್ರೇಲಿಯಾ ಮತ್ತು ಜಿಂಬಾಬ್ವೆ ಇದ್ದವು. ಪ್ರತಿ ತಂಡವೂ ಉಳಿದ ಮೂರರ ಜೊತೆ ಎರಡೆರಡು ಬಾರಿ ಆಡಬೇಕಿತ್ತು, ಗೆಲುವಿಗೆ 4 ಅಂಕ, ಮೊದಲ ಎರಡು ಸ್ಥಾನದವರಿಗೆ ಸೆಮಿಫೈನಲ್. ಕೊನೆಗೆ ವೆಸ್ಟ್ ಇಂಡೀಸ್ 20, ಭಾರತ 16, ಆಸ್ಟ್ರೇಲಿಯಾ 8, ಜಿಂಬಾಬ್ವೆ 4 ಅಂಕ ಪಡೆದವು. ಜೂನ್ 18ರ ಬೆಳಿಗ್ಗೆ ಭಾರತದ ಬಳಿ 8 ಅಂಕಗಳಿದ್ದವು. ವೆಸ್ಟ್ ಇಂಡೀಸನ್ನು ಒಮ್ಮೆ, ಜಿಂಬಾಬ್ವೆಯನ್ನು ಒಮ್ಮೆ ಸೋಲಿಸಿ, ಆಸ್ಟ್ರೇಲಿಯಾಕ್ಕೂ ವೆಸ್ಟ್ ಇಂಡೀಸಿಗೂ ಒಮ್ಮೊಮ್ಮೆ ಸೋತಿತ್ತು. ಆಸ್ಟ್ರೇಲಿಯಾದ ಬಳಿಯೂ 8 ಅಂಕಗಳಿದ್ದವು, ಆದರೆ ಅದೇ ದಿನ ಲಾರ್ಡ್ಸ್‌ನಲ್ಲಿ ಅದು ವೆಸ್ಟ್ ಇಂಡೀಸಿಗೆ ಸೋತಿತು.

ಈಗ ಕಪಿಲರ ಇನಿಂಗ್ಸನ್ನು ಅಳಿಸಿ, ಜಿಂಬಾಬ್ವೆ ಗೆದ್ದಿತೆಂದು ಬರೆಯಿರಿ. ಆಗ ಭಾರತ 8, ಆಸ್ಟ್ರೇಲಿಯಾ 8, ಜಿಂಬಾಬ್ವೆ 8. ಉಳಿದಿದ್ದು ಜೂನ್ 20ರ ಎರಡು ಪಂದ್ಯಗಳು. ಚೆಲ್ಮ್ಸ್‌ಫರ್ಡ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 118 ರನ್ನುಗಳಿಂದ ಸೋಲಿಸಿತು, ಎಜ್‌ಬಾಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ ಜಿಂಬಾಬ್ವೆಯನ್ನು 10 ವಿಕೆಟ್‌ಗಳಿಂದ ಸೋಲಿಸಿತು. ಆ ಎರಡು ಫಲಿತಾಂಶಗಳನ್ನು ಹಾಗೆಯೇ ಉಳಿಸಿಕೊಂಡರೆ ಭಾರತಕ್ಕೆ 12 ಅಂಕ, ಎರಡನೆಯ ಸ್ಥಾನ, ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅದೇ ಸೆಮಿಫೈನಲ್. ಅಂದರೆ ಅಂಕಪಟ್ಟಿಯ ಪ್ರಕಾರ ಟನ್‌ಬ್ರಿಜ್ ವೆಲ್ಸ್‌ನ ಸೋಲು ಭಾರತವನ್ನು ಮನೆಗೆ ಕಳಿಸುತ್ತಿರಲಿಲ್ಲ. ಅದು ಚೆಲ್ಮ್ಸ್‌ಫರ್ಡ್ ಪಂದ್ಯವನ್ನು ಗೆಲ್ಲಲೇಬೇಕಾದ ಪಂದ್ಯವನ್ನಾಗಿ ಮಾಡುತ್ತಿತ್ತು, ಅಷ್ಟೆ. ವಾಸ್ತವದಲ್ಲಿ ಭಾರತ ಅಲ್ಲಿ ಸೋತಿದ್ದರೂ ಎರಡೂ ತಂಡಗಳಿಗೆ 12 ಅಂಕಗಳಾಗಿ ರನ್ ರೇಟ್ ನೋಡಬೇಕಾಗುತ್ತಿತ್ತು. ಅದೇ ಟೂರ್ನಿಯ ಎ ಗುಂಪಿನಲ್ಲಿ ಪಾಕಿಸ್ತಾನ ನ್ಯೂಜಿಲೆಂಡನ್ನು ಹಿಂದಿಕ್ಕಿದ್ದು ಹಾಗೆಯೇ.

ಇಷ್ಟು ಲೆಕ್ಕವಾದ ಮೇಲೆ ನಿಜವಾದ ಪ್ರಶ್ನೆ ಕಣ್ಣಿಗೆ ಬೀಳುತ್ತದೆ: ಜಿಂಬಾಬ್ವೆಗೆ ಸೋತ ತಂಡ, ಎರಡೇ ದಿನಗಳ ನಂತರ, ಆಸ್ಟ್ರೇಲಿಯಾವನ್ನು 129ಕ್ಕೆ ಕಟ್ಟಿಹಾಕುವಷ್ಟು ಧೈರ್ಯದಿಂದ ಬೌಲ್ ಮಾಡುತ್ತಿತ್ತೇ? ಅಲ್ಲಿ ತಲಾ ನಾಲ್ಕು ವಿಕೆಟ್ ಕಿತ್ತವರು ಮದನ್ ಲಾಲ್ ಮತ್ತು ನಮ್ಮ ರೋಜರ್ ಬಿನ್ನಿ. ಬಿನ್ನಿ ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದರು. ಕಪಿಲರ 175ನ್ನು ನೂರು ಬಾರಿ ನೆನೆಯುವ ನಾವು ಬಿನ್ನಿಯವರ ಆ ಸ್ಪೆಲ್ಲನ್ನು ನೆನೆಯುವುದು ಕಡಿಮೆ. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡರೆ ಕಪ್ಪಿನ ದಾರಿಯಲ್ಲಿ ಹೆಚ್ಚು ಭಾರ ಹೊತ್ತ ಗುಂಪು ಪಂದ್ಯ ಚೆಲ್ಮ್ಸ್‌ಫರ್ಡ್‌ನದು ಎಂದೇ ನನ್ನ ತೀರ್ಮಾನ.

ಎರಡನೆಯ ಹೆಜ್ಜೆ: ದಿನಾಂಕಗಳನ್ನು ಸಾಲಾಗಿ ಇಡಿ

2007ರ ಸೆಪ್ಟೆಂಬರ್ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್ಲಿನಲ್ಲಿ ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಹೊಡೆದ ಸ್ಕೂಪ್ ಶ್ರೀಶಾಂತರ ಕೈಸೇರದೆ ಬೌಂಡರಿ ದಾಟಿದ್ದರೆ ಐಪಿಎಲ್ ಹುಟ್ಟುತ್ತಿರಲಿಲ್ಲ ಎಂದು ಹಲವರು ಬರೆದುಬಿಡುತ್ತಾರೆ. ಆದರೆ ಭಾರತೀಯ ಕ್ರಿಕೆಟ್ ಮಂಡಳಿ ಐಪಿಎಲ್ ಅನ್ನು ಪ್ರಕಟಿಸಿದ್ದು ಅದೇ ಸೆಪ್ಟೆಂಬರ್ 13ರಂದು, ಫೈನಲ್ಲಿಗೆ ಹನ್ನೊಂದು ದಿನ ಮೊದಲು. ಅದಕ್ಕೂ ಮುಂಚೆ ಇಂಡಿಯನ್ ಕ್ರಿಕೆಟ್ ಲೀಗ್ ಎಂಬ ಪ್ರತಿಸ್ಪರ್ಧಿ ಲೀಗು ತಲೆಯೆತ್ತಿ, ಮಂಡಳಿಗೆ ಸುಮ್ಮನಿರಲಾಗದ ಸ್ಥಿತಿ ಬಂದಿತ್ತು. ಮಿಸ್ಬಾ ಆ ಹೊಡೆತವನ್ನು ಸಿಕ್ಸರ್ ಮಾಡಿದ್ದರೂ ಲೀಗು ಬರುತ್ತಿತ್ತು.

ಹಾಗಾದರೆ ಬದಲಾಗುತ್ತಿದ್ದುದು ಏನು? 2008ರ ಜನವರಿಯಲ್ಲಿ ತಂಡಗಳ ಮಾಲೀಕತ್ವ ಹರಾಜಾದಾಗ ಬೆಂಗಳೂರು ತಂಡಕ್ಕೆ 11 ಕೋಟಿ 16 ಲಕ್ಷ ಡಾಲರ್ ಕೂಗಲು ವಿಜಯ್ ಮಲ್ಯ ಮುಂದಾಗುತ್ತಿದ್ದರೇ, ಪ್ರಸಾರದ ಹಕ್ಕಿಗೆ ಅಷ್ಟೇ ಬೇಡಿಕೆ ಇರುತ್ತಿತ್ತೇ ಎಂಬಂಥ ಪ್ರಶ್ನೆಗಳು ಉಳಿಯುತ್ತವೆ, ಮತ್ತು ಅವು ‘ಐಪಿಎಲ್ ಇರುತ್ತಿತ್ತೋ ಇಲ್ಲವೋ’ ಎಂಬುದಕ್ಕಿಂತ ಎಷ್ಟೋ ಹೆಚ್ಚು ಬರೆಯಲು ಯೋಗ್ಯವಾದವು. ಕಾರಣವೆಂದು ಹೇಳುವ ಘಟನೆ ಪರಿಣಾಮವೆಂದು ಹೇಳುವ ಘಟನೆಗಿಂತ ಹಿಂದೆ ಇರಬೇಕೆಂಬುದು ಮಕ್ಕಳಿಗೂ ಗೊತ್ತಿರುವ ಸಂಗತಿಯಾದರೂ, ಕ್ಯಾಲೆಂಡರ್ ತೆರೆದು ನೋಡುವ ಶ್ರಮವನ್ನು ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ.

ಮೂರನೆಯ ಹೆಜ್ಜೆ: ಕವಲೊಡೆಯುವ ಜಾಗವನ್ನು ಆರಿಸಿಕೊಳ್ಳಿ

ಇತಿಹಾಸ ಕವಲೊಡೆಯುವ ಜಾಗವೊಂದನ್ನು, ಒಂದನ್ನು ಮಾತ್ರ, ಆರಿಸಿಕೊಳ್ಳಬೇಕು. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಕವಲುಗಳಲ್ಲಿ ಮೂರು ಬಗೆಯಿವೆ. ಮೂರಕ್ಕೂ ಬೇರೆ ಬೇರೆ ಎಚ್ಚರಿಕೆ ಬೇಕು.

ಆಕಸ್ಮಿಕವನ್ನು ಬದಲಾಯಿಸುವುದು ಎಲ್ಲಕ್ಕಿಂತ ಸುಲಭ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್ಲಿನಲ್ಲಿ ಬಾಂಬೆಯ ಅಜಿತ್ ವಾಡೇಕರ್ ಚೆನ್ನಾಗಿ ಆಡುತ್ತಿದ್ದಾಗ, ಓಡುತ್ತ ಹಿಂದಿರುಗುವಾಗ ಕಾಲು ಜಾರಿ ರನ್ ಔಟಾದರು. ಕಾಲು ಜಾರದಿರಲು ವಿಶೇಷ ಕಾರಣವೇನೂ ಬೇಕಿಲ್ಲ. ಓದುಗರು ಅದನ್ನು ತಕ್ಷಣ ಒಪ್ಪುತ್ತಾರೆ. ಎಡ್ಜ್ ಆದ ಚೆಂಡು, ಕೈಬಿಟ್ಟ ಕ್ಯಾಚು, ಗೋಲುಕಂಬಕ್ಕೆ ಬಡಿದ ಚೆಂಡು ಇವೆಲ್ಲ ಈ ಬಗೆಯವು.

ನಿರ್ಧಾರವನ್ನು ಬದಲಾಯಿಸುವುದು ಹೆಚ್ಚು ಕಷ್ಟ, ಏಕೆಂದರೆ ನಿರ್ಧಾರಕ್ಕೆ ಕಾರಣಗಳಿರುತ್ತವೆ ಮತ್ತು ಆ ಕಾರಣಗಳನ್ನು ಮೊದಲು ಅಲುಗಾಡಿಸಬೇಕಾಗುತ್ತದೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ 1984ರ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ, ಇದಕ್ಕೆ ಒಳ್ಳೆಯ ಪಾಠ. ಮೊದಲ ಆಯ್ಕೆ ಹೂಸ್ಟನ್ ತಂಡದ್ದಾಗಿತ್ತು, ಅವರು ಹಕೀಂ ಒಲಾಜುವಾನ್ ಅವರನ್ನು ಆರಿಸಿದರು. ಎರಡನೆಯ ಆಯ್ಕೆ ಪೋರ್ಟ್‌ಲೆಂಡ್ ತಂಡದ್ದು; ಅವರು ಸ್ಯಾಮ್ ಬೋವಿ ಎಂಬ ಎತ್ತರದ ಸೆಂಟರ್ ಆಟಗಾರನನ್ನು ಆರಿಸಿದರು. ಮೂರನೆಯವರಾದ ಶಿಕಾಗೊಗೆ ಮೈಕೆಲ್ ಜೋರ್ಡನ್ ಸಿಕ್ಕಿದರು, ಆರು ಚಾಂಪಿಯನ್‌ಶಿಪ್ ಬಂದವು. (ನಮ್ಮೂರಿನ ಹುಡುಗರ ಕಾಲಲ್ಲಿ ಅಸಲಿಯೋ ನಕಲಿಯೋ ತಿಳಿಯದ ಜೋರ್ಡನ್ ಬೂಟು ಕಾಣುವುದರ ಮೂಲವೂ ಅಲ್ಲೇ ಇದೆ.) ಪೋರ್ಟ್‌ಲೆಂಡಿನವರು ಮೂರ್ಖರೆಂದು ನಗುವುದು ಸುಲಭ. ಆದರೆ ಹಿಂದಿನ ವರ್ಷವಷ್ಟೇ ಅವರು ಕ್ಲೈಡ್ ಡ್ರೆಕ್ಸ್‌ಲರ್ ಅವರನ್ನು ತೆಗೆದುಕೊಂಡಿದ್ದರು, ಅವರು ಆಡುತ್ತಿದ್ದುದು ಜೋರ್ಡನ್ ಆಡುವ ಜಾಗದಲ್ಲೇ. ತಂಡಕ್ಕೆ ಬೇಕಿದ್ದುದು ಸೆಂಟರ್. ಆದ್ದರಿಂದ ‘ಪೋರ್ಟ್‌ಲೆಂಡ್ ಜೋರ್ಡನ್ ಅವರನ್ನು ಆರಿಸಿದ್ದರೆ’ ಎಂದು ಬರೆಯುವವರು, ಆ ಬುದ್ಧಿ ಅವರಿಗೆ ಹೇಗೆ ಬಂದೀತು ಎಂಬುದನ್ನು ಮೊದಲು ತೋರಿಸಬೇಕು. ಬೋವಿಗೆ ಕಾಲೇಜಿನಲ್ಲಿದ್ದಾಗಲೇ ಕಾಲಿನ ಗಾಯವಾಗಿ ಎರಡು ಋತುಗಳು ಕೈತಪ್ಪಿದ್ದವು. ವೈದ್ಯಕೀಯ ಪರೀಕ್ಷೆಯಲ್ಲಿ ಅವರನ್ನು ಬೇಡವೆನ್ನಿಸುವಂಥದ್ದು ಕಂಡಿತೆಂದು ಊಹಿಸಬಹುದು. ಹಾಗೆ ಊಹಿಸಿದರೂ ಬೋವಿ ಬೇಡವೆಂದ ತಂಡ ಜೋರ್ಡನ್ ಬೇಕೆನ್ನುತ್ತದೆ ಎಂಬ ಖಾತರಿಯಿಲ್ಲ. ಅದೇ ಡ್ರಾಫ್ಟಿನಲ್ಲಿ ಸ್ಯಾಮ್ ಪರ್ಕಿನ್ಸ್, ಚಾರ್ಲ್ಸ್ ಬಾರ್ಕ್ಲಿ ಅವರಂಥ, ಬುಟ್ಟಿಯ ಹತ್ತಿರ ಆಡುವ ಆಟಗಾರರೂ ಇದ್ದರು. ಡ್ರೆಕ್ಸ್‌ಲರ್ ಒಂದು ವರ್ಷ ಮೊದಲು ಬೇರೆ ತಂಡದ ಪಾಲಾದರೆಂದು ಊಹಿಸುವುದು ಇನ್ನೂ ಗಟ್ಟಿಯಾದ ಕವಲು ಎಂದು ನನಗನ್ನಿಸುತ್ತದೆ, ಏಕೆಂದರೆ ಆಗ ಜೋರ್ಡನ್ ಆಡುವ ಜಾಗವೇ ಖಾಲಿಯಾಗುತ್ತದೆ.

ಮೂರನೆಯ ಬಗೆ ನಿಯಮದ್ದು. 2019ರ ವಿಶ್ವಕಪ್ ಫೈನಲ್ಲಿನ ಕೊನೆಯ ಓವರಿನಲ್ಲಿ ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡು ಇಂಗ್ಲೆಂಡಿನ ಸ್ಟೋಕ್ಸ್ ಅವರ ಬ್ಯಾಟಿಗೆ ತಗುಲಿ ಬೌಂಡರಿಗೆ ಹೋದಾಗ ಅಂಪೈರುಗಳು 6 ರನ್ ಕೊಟ್ಟರು. ಚೆಂಡು ಎಸೆದ ಕ್ಷಣದಲ್ಲಿ ಬ್ಯಾಟರುಗಳು ಎರಡನೆಯ ರನ್ನಿಗೆ ಪರಸ್ಪರ ದಾಟಿರಲಿಲ್ಲವಾದ್ದರಿಂದ ನಿಯಮದಂತೆ 5 ಕೊಡಬೇಕಿತ್ತು ಎಂದು ಹಿಂದಿನ ಅಂಪೈರ್ ಸೈಮನ್ ಟಾಫೆಲ್ ನಂತರ ಹೇಳಿದರು. ಇಂಥ ಕವಲಿನಲ್ಲಿ ಬರೆಯುವವರ ಕೆಲಸ ಹಗುರ. ನಿಯಮ ಪುಸ್ತಕವೇ ನಿಮ್ಮ ಪರವಾಗಿ ನಿಂತಿರುತ್ತದೆ.

ನಾಲ್ಕನೆಯ ಹೆಜ್ಜೆ: ಮುಂದಿನ ಚೆಂಡು

ಕವಲಿನಿಂದ ಒಮ್ಮೆಲೇ ಹತ್ತು ವರ್ಷ ಮುಂದಕ್ಕೆ ಹಾರುವುದು ಈ ಬಗೆಯ ಬರಹಗಳ ದೊಡ್ಡ ದೋಷ. ಮೊದಲು ಮುಂದಿನ ಚೆಂಡನ್ನು, ಮುಂದಿನ ರೈಡನ್ನು ನೋಡಬೇಕು. 2019ರ ಫೈನಲ್ಲಿನಲ್ಲಿ 6ರ ಬದಲು 5 ಕೊಟ್ಟಿದ್ದರೆ ಇಂಗ್ಲೆಂಡಿಗೆ ಎರಡು ಚೆಂಡುಗಳಲ್ಲಿ 3ರ ಬದಲು 4 ರನ್ ಬೇಕಾಗುತ್ತಿತ್ತು ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಎಲ್ಲರಿಗೂ ಹೊಳೆಯದ ಸಂಗತಿಯೆಂದರೆ, ಎರಡನೆಯ ರನ್ ಲೆಕ್ಕಕ್ಕೆ ಬಾರದಿದ್ದರೆ ಮುಂದಿನ ಚೆಂಡನ್ನು ಎದುರಿಸಬೇಕಾದವರು ಸ್ಟೋಕ್ಸ್ ಆಗಿರುತ್ತಿರಲಿಲ್ಲ, ಆದಿಲ್ ರಶೀದ್ ಆಗಿರುತ್ತಿದ್ದರು. ಒಂದು ರನ್ನಿನ ವ್ಯತ್ಯಾಸಕ್ಕಿಂತ ಆ ಜಾಗ ಬದಲಾವಣೆಯೇ ದೊಡ್ಡದು.

ಕೂಡಿ ಕಳೆಯುವ ಲೆಕ್ಕ ಎಷ್ಟು ಮೋಸಮಾಡುತ್ತದೆ ಎಂಬುದಕ್ಕೆ ನಮ್ಮ ಆರ್‌ಸಿಬಿ ಅಭಿಮಾನಿಗಳ ಮಾತೇ ಸಾಕು. 2016ರ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಫೈನಲ್ಲಿನಲ್ಲಿ ಹೈದರಾಬಾದ್ 208 ರನ್ ಮಾಡಿತು, ಬೆಂಗಳೂರು 200ಕ್ಕೆ ನಿಂತಿತು. ಶೇನ್ ವಾಟ್ಸನ್ ಎಸೆದ ಕೊನೆಯ ಓವರಿನಲ್ಲಿ 24 ರನ್ ಹೋಯಿತು. ಅದು 10 ಆಗಿದ್ದರೆ ಹೈದರಾಬಾದ್ 194, ನಾವು 200, ಕಪ್ ನಮ್ಮದು ಎಂಬ ಲೆಕ್ಕವನ್ನು ತುಮಕೂರಿನಲ್ಲಿ ಇಂದಿಗೂ ಬೆರಳೆಣಿಸಿ ಹೇಳುವವರಿದ್ದಾರೆ. ಆದರೆ ಆ 200 ರನ್ 209ರ ಗುರಿಯನ್ನು ಬೆನ್ನಟ್ಟುವಾಗ ಬಂದದ್ದು. ಗುರಿ 195 ಆಗಿದ್ದರೆ ಗೇಲ್ 38 ಚೆಂಡಿಗೆ 76 ಹೊಡೆಯುವ ಅವಸರದಲ್ಲಿ ಇರುತ್ತಿದ್ದರೋ ಇಲ್ಲವೋ, ಹೈದರಾಬಾದಿನ ನಾಯಕ ತನ್ನ ಬೌಲರುಗಳನ್ನು ಅದೇ ಕ್ರಮದಲ್ಲಿ ಇಳಿಸುತ್ತಿದ್ದನೋ ಇಲ್ಲವೋ ಯಾರು ಹೇಳಬೇಕು? 10.3 ಓವರಿಗೆ 114 ರನ್ನಿನ ಜೊತೆಯಾಟವಾದ ಮೇಲೂ ಸೋತ ತಂಡವದು. ಗೆಲುವಿನ ಸಾಧ್ಯತೆ ಹೆಚ್ಚುತ್ತಿತ್ತು ಎಂದು ಬರೆಯಿರಿ, 6 ರನ್ನಿಂದ ಗೆಲ್ಲುತ್ತಿತ್ತು ಎಂದು ಬರೆಯಬೇಡಿ. ಕಾಕತಾಳೀಯವೆಂಬಂತೆ, 2025ರಲ್ಲಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದ ಅಂತರವೂ ಸರಿಯಾಗಿ 6 ರನ್ನೇ ಆಗಿತ್ತು.

ಆಟದ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಫೈನಲ್ಲಿನಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅವರು ಬುಲ್ಸ್ ಪಾಲಾಗದೆ ತಮ್ಮ ಹಿಂದಿನ ತಂಡವಾದ ಗುಜರಾತಿನಲ್ಲೇ ಉಳಿದಿದ್ದರೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ 38ರಿಂದ 22 ಕಳೆದು 16 ಎನ್ನುವುದು ಅಪ್ಪಟ ತಪ್ಪು. ಕಬಡ್ಡಿಯಲ್ಲಿ ರೈಡಿನ ಸರದಿ ತಂಡದ್ದು. ಪವನ್ ಹೋಗದಿದ್ದರೆ ನಾಯಕ ರೋಹಿತ್ ಕುಮಾರ್ ಅಥವಾ ಬೇರೊಬ್ಬ ರೈಡರ್ ಗೆರೆ ದಾಟುತ್ತಾನೆ, ಕೆಲವು ಅಂಕ ತರುತ್ತಾನೆ, ಕೆಲವು ಬಾರಿ ಸಿಕ್ಕಿಬೀಳುತ್ತಾನೆ. ಎದುರಾಳಿಯ ಡಿಫೆನ್ಸು ಕೂಡ ಬೇರೆ ಆಟಗಾರನಿಗೆ ಬೇರೆ ರೀತಿಯಲ್ಲಿ ನಿಲ್ಲುತ್ತದೆ. ಆಟಗಾರನನ್ನು ತೆಗೆದಾಗ ಅವನ ಜಾಗಕ್ಕೆ ಯಾರು ಬರುತ್ತಿದ್ದರು ಎಂದು ಬರೆಯದೆ ಮುಂದಕ್ಕೆ ಹೋಗಬಾರದು.

ಐದನೆಯ ಹೆಜ್ಜೆ: ಪರಿಣಾಮ ಎಲ್ಲಿಯವರೆಗೆ ಹರಿಯುತ್ತದೆ

ನಮ್ಮ ಬಯಲುಸೀಮೆಯ ಕೆರೆಗಳು ಸರಣಿಯಲ್ಲಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ, ಆದರೆ ದಾರಿಯಲ್ಲಿ ಇಂಗಿ, ಬೇರೆ ಹಳ್ಳಗಳ ನೀರು ಸೇರಿ, ನಾಲ್ಕನೆಯ ಕೆರೆಗೆ ತಲುಪಿದ್ದರಲ್ಲಿ ಮೊದಲ ಕೆರೆಯ ಪಾಲು ಎಷ್ಟೆಂದು ಹೇಳಲಾಗುವುದಿಲ್ಲ. ಒಂದು ಪಂದ್ಯದ ಪರಿಣಾಮವೂ ಹಾಗೆಯೇ ಇಳಿಯುತ್ತದೆ.

1974ರ ಸೆಮಿಫೈನಲ್ಲಿಗೆ ಮರಳಿದರೆ ಇದು ಸ್ಪಷ್ಟವಾಗುತ್ತದೆ. 1958-59ರಿಂದ 1972-73ರವರೆಗೆ ಸತತ 15 ಬಾರಿ ರಣಜಿ ಗೆದ್ದಿದ್ದ ಬಾಂಬೆಯನ್ನು, ಮೈಸೂರು ಎಂಬ ಹೆಸರು ಕಳಚಿ ಕರ್ನಾಟಕವೆಂದು ಆಡುತ್ತಿದ್ದ ಮೊದಲ ಋತುವಿನಲ್ಲೇ ನಮ್ಮ ತಂಡ ಪ್ರಸನ್ನರ ನಾಯಕತ್ವದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಹೊರಗಟ್ಟಿತು. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲರ ಶತಕಗಳಿಂದ ಕರ್ನಾಟಕ 385 ಗಳಿಸಿತ್ತು, ಬಾಂಬೆ 307ಕ್ಕೆ ಮುಗಿಯಿತು. ಮುಂದಿನ ಮೂರು ಋತುಗಳಲ್ಲಿ ಮತ್ತೆ ಬಾಂಬೆಯೇ ಗೆದ್ದಿತು. 1977-78ರಲ್ಲಿ ಕಪ್ ಮರಳಿ ಕರ್ನಾಟಕಕ್ಕೆ ಬಂತು. ವಾಡೇಕರ್ ಕಾಲು ಜಾರದಿದ್ದರೆ ಬಾಂಬೆಯ ಸರಣಿ 15ರ ಬದಲು 19 ಆಗುತ್ತಿತ್ತು ಎಂದು ಕೂಡಿಸಿಬಿಡುವ ಆಸೆ ಇಲ್ಲಿ ಬಲವಾಗಿ ಕಾಡುತ್ತದೆ.

ಆ ಆಸೆಯನ್ನು ಹಂತ ಹಂತವಾಗಿ ಒರೆಗೆ ಹಚ್ಚಿ. ಮೊದಲ ಕೆರೆ ಅದೇ ಪಂದ್ಯ: ಬಾಂಬೆಗೆ ಕೊರತೆಯಾದದ್ದು 78 ರನ್, ಒಂದು ವಿಕೆಟ್ ಉಳಿದಿದ್ದರಿಂದ, ಪ್ರಸನ್ನ ಮತ್ತು ಚಂದ್ರಶೇಖರ್ ಇಬ್ಬರೂ ಬೌಲ್ ಮಾಡುತ್ತಿದ್ದಾಗ, ಇಷ್ಟು ರನ್ ಬರುತ್ತಿತ್ತೇ? ಬರಬಹುದಿತ್ತು, ಖಚಿತವಿಲ್ಲ. ಎರಡನೆಯದು ಫೈನಲ್: ಕರ್ನಾಟಕ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು, ಬಾಂಬೆ ಆಡಿದ್ದರೂ ಗೆಲ್ಲುತ್ತಿತ್ತು ಎನ್ನಲು ಹಿಂದಿನ ದಾಖಲೆಯ ಬೆಂಬಲವಿದೆ. ಮೂರನೆಯದು ಮುಂದಿನ ಋತು, ಅಲ್ಲಿಯೇ ನೀರು ತೆಳ್ಳಗಾಗುತ್ತದೆ. 1974-75ರ ಫೈನಲ್ಲಿನಲ್ಲಿ ಬಾಂಬೆ ಸೋಲಿಸಿದ್ದು ಕರ್ನಾಟಕವನ್ನೇ. ಹಿಂದಿನ ವರ್ಷ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಛಲ ಆ ಗೆಲುವಿನ ಹಿಂದೆ ಇದ್ದಿರಬಹುದು. ಸೋಲೇ ಇರದಿದ್ದರೆ ಆ ಛಲವೂ ಇರುತ್ತಿರಲಿಲ್ಲ. ಇತ್ತ, ಬಾಂಬೆಯನ್ನು ಮಣಿಸಬಹುದೆಂಬ ನಂಬಿಕೆ ಹುಟ್ಟಿರದ ಕರ್ನಾಟಕ ಆ ಫೈನಲ್ಲಿಗೆ ಬರುತ್ತಿತ್ತೇ ಎಂಬುದೂ ಅನುಮಾನ. ಹೀಗೆ 19 ಎಂಬ ಸಂಖ್ಯೆ ಕಾಗದದ ಮೇಲೆ ಎಷ್ಟು ಅಂದವಾಗಿ ಕಂಡರೂ, ಮೂರನೆಯ ಕೆರೆಯಲ್ಲಿಯೇ ಅದು ಇಂಗಿಹೋಗುತ್ತದೆ.

ಪ್ರತಿ ಹಂತದ ಪಕ್ಕದಲ್ಲಿ ‘ದಾಖಲೆಯಿಂದ ಸಿದ್ಧ’, ‘ಬಹುಶಃ’, ‘ಇರಬಹುದು’ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಬರೆದುಕೊಂಡು ಹೋಗುವುದು ಒಳ್ಳೆಯ ಅಭ್ಯಾಸ. ‘ಇರಬಹುದು’ ಎಂಬ ಗುರುತು ಒಂದರ ಮೇಲೊಂದು ಎರಡು ಬಾರಿ ಬಿದ್ದ ಜಾಗದಲ್ಲಿ ಬರಹವನ್ನು ನಿಲ್ಲಿಸಬೇಕು.

ಆರನೆಯ ಹೆಜ್ಜೆ: ಹೇಗೂ ಆಗುತ್ತಿದ್ದುದೇ?

ಕೆಲವು ಫಲಿತಾಂಶಗಳ ಹಿಂದೆ ಒಂದು ಕ್ಷಣವಿರುವುದಿಲ್ಲ, ದೀರ್ಘಕಾಲದ ಒತ್ತಡವಿರುತ್ತದೆ. ಭಾರತದ ಹಾಕಿ ಕೃತಕ ಹುಲ್ಲಿನಿಂದ ಹಾಳಾಯಿತು ಎಂಬ ನಂಬಿಕೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿ. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದ ಭಾರತ, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕೃತಕ ಮೈದಾನದಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಮೈದಾನ ಬದಲಾಗದಿದ್ದರೆ ನಮ್ಮ ಚಿನ್ನದ ಯುಗ ಮುಂದುವರಿಯುತ್ತಿತ್ತು ಎಂದು ಬರೆಯಲು ಇಷ್ಟೇ ಸಾಕೆನಿಸುತ್ತದೆ. ಆದರೆ ದಾಖಲೆಯನ್ನು ಹಿಂದಕ್ಕೆ ಓದಿದರೆ 1960ರ ರೋಮ್ ಫೈನಲ್ಲಿನಲ್ಲಿ ಸೋಲು, 1968 ಮತ್ತು 1972ರಲ್ಲಿ ಕಂಚು ಕಾಣುತ್ತವೆ, ಇವೆಲ್ಲ ಸಹಜ ಹುಲ್ಲಿನ ಮೇಲಿನವು. ಮುಂದಕ್ಕೆ ಓದಿದರೆ 1980ರ ಮಾಸ್ಕೋದಲ್ಲಿ ಕೃತಕ ಮೈದಾನದ ಮೇಲೆಯೇ ಚಿನ್ನ ಸಿಕ್ಕಿದೆ, ಹಲವು ಬಲಿಷ್ಠ ದೇಶಗಳು ಬಹಿಷ್ಕರಿಸಿದ್ದ ಕೂಟದಲ್ಲಿ ಎಂಬುದು ಬೇರೆ ಮಾತು. ಇಳಿಜಾರು ಮೊದಲೇ ಶುರುವಾಗಿತ್ತು, ಕೃತಕ ಹುಲ್ಲು ಅದನ್ನು ಕಡಿದಾಗಿಸಿತು ಎಂಬ ಹದವಾದ ವಾದವೇ ದಾಖಲೆಗೆ ಹತ್ತಿರ.

ಕೋಲಾರದ ಕಡೆಯ ಓದುಗರಿಗೆ ಇದೇ ಬಗೆಯ ವಸ್ತು ಮನೆಯ ಬಾಗಿಲಲ್ಲೇ ಇದೆ. ಕೆಜಿಎಫ್‌ನ ಜಿಮ್ಖಾನಾ ಮೈದಾನವೂ ಅಲ್ಲಿನ ಕ್ಲಬ್ಬುಗಳೂ ಗಣಿ ಕಂಪನಿಯ ಕಾಲದವು. ಊರಿಗೆ ಊರೇ ಗಣಿಯ ಸಂಬಳದಿಂದ ಬದುಕಿತ್ತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚದಿದ್ದರೆ ಅಲ್ಲಿನ ಆಟ ಹೇಗಿರುತ್ತಿತ್ತು ಎಂಬ ಪ್ರಶ್ನೆ ಹಿಡಿಯುವಂಥದ್ದೇ. ಆದರೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು, ಅದಿರಿನಲ್ಲಿ ಚಿನ್ನ ಕಡಿಮೆಯಾಗಿ ಖರ್ಚು ಏರಿತ್ತು. ಮುಚ್ಚುವುದನ್ನು ತಪ್ಪಿಸಲು ಒಂದು ಸಹಿ ಸಾಕಾಗುತ್ತಿರಲಿಲ್ಲ. ‘ಮುಚ್ಚದಿದ್ದರೆ’ ಎಂಬುದಕ್ಕಿಂತ ‘ಹತ್ತು ವರ್ಷ ತಡವಾಗಿ ಮುಚ್ಚಿದ್ದರೆ’ ಅಥವಾ ‘ಮುಚ್ಚುವಾಗ ಮೈದಾನಗಳ ನಿರ್ವಹಣೆಗೆ ಬೇರೆ ಏರ್ಪಾಡಾಗಿದ್ದರೆ’ ಎಂಬ ಪ್ರಶ್ನೆಗಳು ಇಲ್ಲಿ ಹೆಚ್ಚು ಬಾಳುತ್ತವೆ. ತುಮಕೂರು ಸಮೀಪದ ಸೋರೆಕುಂಟೆಯ ಬಳಿ ಕ್ರಿಕೆಟ್ ಕ್ರೀಡಾಂಗಣ ಎದ್ದು ನಿಂತರೆ ತುಮಕೂರಿನ ಹುಡುಗರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡುವುದು ತಪ್ಪೀತೇ ಎಂಬುದು ಭವಿಷ್ಯದ ಮಾತು. ಅದನ್ನು ಈ ಬಗೆಯ ಬರಹದಲ್ಲಿ ಬೆರೆಸಬಾರದು.

ತಾಲ್ಲೂಕು ಟೂರ್ನಿಗಳನ್ನು ವಸ್ತುವಾಗಿ ಆರಿಸಿಕೊಳ್ಳುವವರಿಗೂ ಒಂದು ಮಾತು. ಶಿರಾದ್ದಾಗಲಿ, ಗೌರಿಬಿದನೂರಿನದಾಗಲಿ, ಅಂಥ ಫೈನಲ್ಲಿನ ಬಗ್ಗೆ ಬರೆಯುವಾಗ ಸ್ಕೋರ್ ಪುಸ್ತಕ ಸಿಕ್ಕರೆ ಮಾತ್ರ ಮುಂದುವರಿಯಿರಿ, ಎರಡೂ ತಂಡಗಳ ಕಡೆಯವರನ್ನು ಕೇಳಿ, ಆಟಗಾರರ ಹೆಸರು ಬಿಟ್ಟು ಬರೆಯಿರಿ.

ಏಳನೆಯ ಹೆಜ್ಜೆ: ಬರೆಯುವ ರೂಪ

ಎರಡು ರೂಪಗಳು ಹೊಂದುತ್ತವೆ. ಒಂದು ವಾದರೂಪದ ಪ್ರಬಂಧ. ಇಲ್ಲಿ ಬರೆಯುವವರು ನಿಜ ಜಗತ್ತಿನಲ್ಲೇ ನಿಂತು ‘ಆಗುತ್ತಿತ್ತು’, ‘ಆಗುತ್ತಿರಲಿಲ್ಲ’ ಎಂದು ಚರ್ಚಿಸುತ್ತಾರೆ. ಇನ್ನೊಂದು ಕಲ್ಪಿತ ವರದಿ. ಇಲ್ಲಿ ಬದಲಾದ ಜಗತ್ತಿನೊಳಗಿಂದಲೇ, ಅದೇ ನಿಜವೆಂಬಂತೆ, ಮರುದಿನದ ಪತ್ರಿಕೆಯ ಶೈಲಿಯಲ್ಲಿ ಬರೆಯಲಾಗುತ್ತದೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ರಣಜಿ ಫೈನಲ್ಲಿನಲ್ಲಿ 338ರ ಗುರಿ ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆ 144 ಹೊಡೆದರೂ 331ಕ್ಕೆ ಆಲೌಟಾಗಿ ಮುಂಬೈಗೆ 6 ರನ್ನಿಂದ ಸೋತಿತು. ಅದನ್ನು ಕಲ್ಪಿತ ವರದಿಯಾಗಿ ಬರೆದರೆ ಆರಂಭ ಹೀಗಿರಬಹುದು: ‘ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಕುಸಿದು ಎಲ್ಲರೂ ಕೈಬಿಟ್ಟಿದ್ದ ಪಂದ್ಯವನ್ನು ಕರ್ನಾಟಕದ ಕೊನೆಯ ಜೋಡಿ ಒಂದು ವಿಕೆಟ್ಟಿನಿಂದ ದಡ ಸೇರಿಸಿತು.’ ಈ ರೂಪದಲ್ಲಿ ಬರೆದದ್ದರ ತಲೆಯ ಮೇಲೆ ಇದು ಕಲ್ಪನೆ ಎಂದು ಸ್ಪಷ್ಟವಾಗಿ ನಮೂದಿಸಲೇಬೇಕು, ಏಕೆಂದರೆ ತುಂಡುಮಾಡಿ ಮೊಬೈಲಿನಲ್ಲಿ ಹಂಚಿದರೆ ಅದು ಸುದ್ದಿಯಂತೆಯೇ ಕಾಣುತ್ತದೆ. ಕೆಳಗೆ ಒಂದು ಸಾಲಿನಲ್ಲಿ ನಿಜವಾದ ಸ್ಕೋರನ್ನೂ ಕೊಡಿ.

ಎರಡೂ ರೂಪಗಳಿಗೆ ಕೆಲವು ಕಟ್ಟುಪಾಡುಗಳಿವೆ. ಬದುಕಿರುವ ಆಟಗಾರರ ಬಾಯಲ್ಲಿ ಅವರು ಆಡದ ಮಾತನ್ನು ಇಡಬಾರದು. ಯಾರೋ ಹಣ ಪಡೆದು ಸೋತರೆಂಬ ಊಹೆಯನ್ನು ಕವಲಾಗಿ ಬಳಸಬಾರದು; ಅದು ಕಲ್ಪನೆಯ ವೇಷದ ಆರೋಪವಾಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹಿಂದಿನ ರಾತ್ರಿ ಆರ್‌ಸಿಬಿ ಸೋತಿದ್ದರೆ ಎಂದು ಆಟದ ರೂಪದಲ್ಲಿ ಬರೆಯುವುದನ್ನು ನಾನು ಒಪ್ಪಲಾರೆ. ಜನಸಂದಣಿಯ ನಿರ್ವಹಣೆಯ ಬಗ್ಗೆ ಬರೆಯಬೇಕಿದ್ದರೆ ಅದಕ್ಕೆ ತನಿಖಾ ವರದಿಯ ದಾರಿಯಿದೆ.

ಕೊನೆಯ ಹೆಜ್ಜೆ: ಎದುರಾಳಿಯ ಕೈಗೆ ಕೊಡಿ

ಬರೆದಾದ ಮೇಲೆ ಅದನ್ನು ನಿಮ್ಮ ತಂಡದ ಅಭಿಮಾನಿಗೆ ಓದಿಸಬೇಡಿ, ಎದುರು ತಂಡದವರಿಗೆ ಓದಿಸಿ. 1974ರ ಬಗ್ಗೆ ಬರೆದಿದ್ದರೆ ಮುಂಬೈ ಕಡೆಯ ಸ್ನೇಹಿತರಿಗೆ, 2016ರ ಬಗ್ಗೆಯಾದರೆ ಪಾವಗಡದ ಆಚೆ ಗಡಿ ದಾಟಿದೊಡನೆ ಸಿಗುವ ಹೈದರಾಬಾದ್ ಅಭಿಮಾನಿಗಳಿಗೆ. ಅವರು ಮೊದಲು ಆಕ್ಷೇಪಿಸುವ ವಾಕ್ಯದ ಕೆಳಗೆ ಗೆರೆ ಎಳೆದು, ಆ ವಾಕ್ಯಕ್ಕೆ ದಾಖಲೆಯ ಬೆಂಬಲ ಇದೆಯೇ ಎಂದು ನೋಡಿ. ಇದ್ದರೆ ದಾಖಲೆಯನ್ನು ಅಲ್ಲಿಯೇ ಸೇರಿಸಿ. ಇಲ್ಲದಿದ್ದರೆ ವಾಕ್ಯವನ್ನು ತೆಗೆದುಹಾಕಿ, ಅದರ ಮೇಲೆ ನಿಂತಿದ್ದ ಮುಂದಿನ ಹಂತಗಳನ್ನೂ ಅದರೊಡನೆಯೇ ತೆಗೆದುಹಾಕಿ. ಆಮೇಲೆ ಉಳಿದದ್ದು ಅರ್ಧ ಪುಟವೇ ಆದರೂ ಗೋಡೆ ಪತ್ರಿಕೆಗೆ ಅಷ್ಟನ್ನೇ ಅಂಟಿಸಿ.